ಹುರಿದ ತೊಗರಿಯನ್ನೂ ಹಸಿ ಎಂದ ಮೀಟರು

ತೊಗರಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಕಡೆ ಹಲ್ಲೇ ಸಾಕಾಗಿತ್ತು. ಕಾಳು ಕಡಿದರೆ ಕಟ್ ಅನ್ನಬೇಕು; ಮೆತ್ತಗೆ ಹಲ್ಲು ಇಳಿದರೆ ಹಸಿ. ಎಂಬತ್ತರ ದಶಕದಲ್ಲಿ ಸೇಡಂನ ಒಂದು ದಾಲ್ ಮಿಲ್ಲಿಗೆ ಹೈದರಾಬಾದಿನಿಂದ ತೇವ ಅಳೆಯುವ ಮೀಟರು ಬಂತು. ಅಂದಿನಿಂದ ಹಲ್ಲಿನ ಮಾತಿಗೆ ಕಿಮ್ಮತ್ತು ಇಲ್ಲದಾಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಅಂಗಡಿ ಇಟ್ಟು, ಬೆರಳು ಸುಟ್ಟುಕೊಂಡೇ ವಿದ್ಯೆ ಕಲಿತೆ. ಆ ಮೀಟರಿನ ಗುಂಡಿ ಸಡಿಲಾದಾಗ ಮಿಲ್ಲಿನ ಗುಮಾಸ್ತ ನನ್ನ ಹತ್ತಿರವೇ ತಂದಿದ್ದ. ಒಳಗೆ ಲೆಕ್ಕ ಮಾಡುವ ಒಂದು ಕರಿ ಚಿಪ್, ಅದಕ್ಕೆ ನಾಲ್ಕು ಸೆಲ್ಲು, ಒಟ್ಟು ಆರು ವೋಲ್ಟು. ಕಾಳಿನ ಕಡೆಯಿಂದ ಬರುವ, ಹಸಿ ಹೆಚ್ಚಿದಷ್ಟೂ ಏರುವ ವೋಲ್ಟೇಜನ್ನು ಚಿಪ್ ತನ್ನ ಸೆಲ್ಲಿನ ವೋಲ್ಟೇಜಿಗೆ ಹೋಲಿಸಿ ಅಂಕಿ ತೋರಿಸುತ್ತಿತ್ತು. ಗಜದ ಕಡ್ಡಿ ಸವೆದರೆ ಅದೇ ಬಟ್ಟೆ ಹೆಚ್ಚು ಗಜ ಬರುತ್ತದಲ್ಲ, ಹಾಗೆ ಸೆಲ್ಲು ಇಳಿದರೆ ಒಣ ಕಾಳೂ ಹಸಿ.

"ಸೆಲ್ಲು ಇಳದ್ವು ಅಂದ್ರ ಬದಲಿ ಮಾಡ್ರಿ. ಇಲ್ಲಂದ್ರ ಸುಳ್ಳು ಹೇಳ್ತದ" ಎಂದೆ.

"ಮೂರು ವೋಲ್ಟಿಗೂ ನಡೀತದಂತ ಕಂಪನಿ ಇಂಜಿನಿಯರ್ ಹೇಳ್ಯಾನ. ಅವನಿಗಿಂತ ನೀ ಶ್ಯಾಣ್ಯಾ ಏನು?" ಎಂದು ಗುಮಾಸ್ತ ನಕ್ಕ.

ನಡೆಯುತ್ತದೆ, ಯಾರು ಇಲ್ಲ ಅಂದರು? ಕುಡಿದವನೂ ನಡೆಯುತ್ತಾನೆ.

ಸುಗ್ಗಿಯ ಒಂದು ಮಧ್ಯಾಹ್ನ ಮಿಲ್ಲಿನ ಮುಂದೆ ಚಹಾ ಕುಡಿಯುತ್ತಿದ್ದೆ. ಐನಾಪುರದ ಒಬ್ಬ ಮುದುಕಿ ಗುಮಾಸ್ತನ ಎದುರು ನಿಂತು ಕೂಗಾಡುತ್ತಿದ್ದಳು. ಮೊದಲ ಸಲ ಹಸಿ ಎಂದು ಕಳಿಸಿದ್ದಕ್ಕೆ ಎಂಟು ದಿನ ಮತ್ತೆ ಬಿಸಿಲಿಗೆ ಹರವಿ ತಂದಿದ್ದಳು. ಈಗಲೂ ಅದೇ ಮಾತು.

"ಯಪ್ಪಾ, ನನ್ನ ಬಾಯಾಗ ಇರೂದು ನಾಕೇ ಹಲ್ಲು. ಅವಕ್ಕೂ ಕಟ್ ಅಂತದ. ನಿನ್ನ ಡಬ್ಬಿಗಿ ಒಂದೂ ಹಲ್ಲಿಲ್ಲ, ಅದಕ್ಕೇನು ತಿಳೀತದ?"

"ಮಷೀನು ಸುಳ್ಳು ಹೇಳಂಗಿಲ್ಲ ಯವ್ವಾ. ಗಾಡಿ ತಿರುಗಿಸು."

ನನ್ನ ತಲೆ ಕೆಟ್ಟಿತು. ಅವಳ ತೊಗರಿ ಒಂದು ಬೊಗಸೆ ತೆಗೆದುಕೊಂಡು, ಚಹಾದಂಗಡಿಯ ಬಾಣಲೆಯಲ್ಲಿ ಘಮ್ಮೆನ್ನುವ ತನಕ ಹುರಿದೆ. ತಣ್ಣಗಾದ ಮೇಲೆ ಗುಮಾಸ್ತನ ಮುಂದೆ ಸುರಿದೆ. "ಈಗ ನೋಡ್ರಿ."

ಮೀಟರು ಹಸಿ ಎಂದಿತು.

ಹಮಾಲರು ಹೊಟ್ಟೆ ಹಿಡಿದು ನಕ್ಕರು. "ಸಾಹೇಬ್ರ, ಬಿತ್ರಿ ಅದನ್ನ, ಮೊಳಕಿ ಬರ್ತದ!"

ನಾನು ಅಂಗಡಿಗೆ ಓಡಿ ಹೊಸ ಸೆಲ್ಲು ತಂದು ಹಾಕಿದೆ. ಮುದುಕಿಯ ಚೀಲದೊಳಗಿನ, ಹುರಿಯದ ತೊಗರಿಯನ್ನೇ ಈಗ ಮೀಟರು ಒಣ ಎಂದಿತು. ಗುಮಾಸ್ತ "ಕಾಟಾಕ್ಕ ಹಚ್ಚಿ ತೂಕ ಮಾಡ್ರಿ" ಎಂದು ಹಮಾಲರಿಗೆ ಹೇಳಿದ. ಮುದುಕಿಗೆ ತಪ್ಪಾಯಿತು ಎಂಬ ಒಂದು ಮಾತಿಲ್ಲ. ಅವಳು ಹುರಿದ ಕಾಳೊಂದನ್ನು ಅವನ ಮುಂದೆ ಹಿಡಿದು "ಕಡಿ" ಎಂದಳು. ಅವನು ತೂಕದ ಪುಸ್ತಕ ತೆರೆದ.

"ಮುಂಜಾನಿಂದ ಎಷ್ಟು ಗಾಡಿ ವಾಪಸ್ ಕಳಿಸಿದ್ರಿ?" ಎಂದು ಗುಮಾಸ್ತನನ್ನು ಕೇಳಿದೆ.

"ಯಾರಿಗ್ಗೊತ್ತು? ಹೋದವ್ರು ಹೋದ್ರು."

ಮುದುಕಿಯ ಚೀಲಗಳು ಕಾಟಾ ಏರಿದವು. ಹೋದವರು ಮಾತ್ರ ಅಷ್ಟೊತ್ತಿಗೆ ಕಾಗಿಣಾ ಹೊಳೆ ದಾಟಿರಬೇಕು, ಒಣಗಿದ ತೊಗರಿಯನ್ನೇ ಮತ್ತೆ ಬಿಸಿಲಿಗೆ ಹರವಲು.