ನನ್ನ ಕೈಗಷ್ಟೇ ಹಾಲಿಳಿಸುವ ಆಕಳು

ನಮ್ಮ ಒಂಗೋಲು ಆಕಳು ನನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲಿಳಿಸುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಹೇಳುವಾಗ ಮೊಣಕಾಲು ಸವರಿಕೊಳ್ಳುತ್ತೇನೆ.

ಬಳ್ಳಾರಿ ಸೀಮೆಯ ಕರೂರಿನ ಕಾಲುವೆ ಪಕ್ಕ ನಮ್ಮದು ಸಣ್ಣ ಭತ್ತದ ಗದ್ದೆ. ಜಾತಿ ದನ ಕಟ್ಟಬೇಕೆಂಬುದು ನಮ್ಮ ಯಜಮಾನರ ಬಹುದಿನದ ಆಸೆ. ಆಂಧ್ರದ ಕಡೆಯಿಂದ ತಂದರು. ಸುಣ್ಣ ಬಳಿದಂಥ ಮೈ, ಕಾಡಿಗೆ ತೀಡಿದಂಥ ಕಣ್ಣು, ನಡೆದರೆ ಕತ್ತಿನಡಿ ತೂಗಾಡುವ ಗಂಗೆದೊಗಲು. ನೋಡಲು ಬಂದವರಿಗೆ ಅವರು ಅದರ ತಾಯಿ, ಅಜ್ಜಿಯರ ಕಥೆ ಹೇಳುತ್ತಿದ್ದರು. ನಾನು ಅದರ ಹಾಲಿನ ಚಹಾ ಕೊಡುತ್ತಿದ್ದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದ ನನಗೆ ಕೆಚ್ಚಲು ಮುಟ್ಟಲು ಮೊದಲು ಭಯ. ಧೈರ್ಯಕ್ಕೆಂದು ಶಾಲೆಯ ಪ್ರಾರ್ಥನೆಯ ರಾಗ ಗುನುಗುತ್ತಿದ್ದೆ. ಆಕಳಿಗೂ ಆ ರಾಗವೇ ರೂಢಿಯಾಯಿತು.

ಬೆಳಿಗ್ಗೆ, ಸಂಜೆ ಕುಕ್ಕರಗಾಲಿನಲ್ಲಿ ಕೂತು ಕೂತು ಮೊಣಕಾಲು ಊದಿಕೊಂಡಿತು. ಬಳ್ಳಾರಿ ಗಾಂಧಿನಗರದ ಡಾಕ್ಟರು ಆಪರೇಷನ್ ಆಗಲೇಬೇಕೆಂದರು. ಮೊದಲ ಕರುವಿನ ಸಲ, ಅದು ಹಾಲು ಕುಡಿಯುವುದು ಬಿಡಲಿ, ಆಮೇಲೆ ಹೋದರಾಯಿತೆಂದು ತಡೆದೆವು. ಅಷ್ಟರಲ್ಲಿ ಎರಡನೆಯ ಕರು ಬಂತು. ಏಳುವಾಗ ಗೂಟ ಹಿಡಿಯದೆ ಏಳಲಾಗುತ್ತಿರಲಿಲ್ಲ.

ಕೊನೆಗೆ ಹೊರಡುವುದೆಂದಾಯಿತು; ಆದರೆ ನಾನಿಲ್ಲದಾಗ ಹಿಂಡುವವರಾರು? ದಾರಿ ತೋರಿಸಿದವರು ಎದುರುಮನೆಯಲ್ಲಿರುವ ಯಜಮಾನರ ಸೋದರತ್ತೆ. "ನಿನ್ ಹೆಂಡ್ತಿ ಉಟ್ಟು ಬಿಟ್ಟ ಸೀರಿ ಸುತ್ಗೊಂಡು ಕುಂದರಪ್ಪ. ಆಕಳ ವಾಸನಿ ನೋಡಿ ಹಾಲು ಬಿಡತೈತಿ. ನಾವೆಲ್ಲಾ ಹಂಗ ಮಾಡೀವಿ."

ನಾನು ಬಳ್ಳಾರಿಗೆ ಹೊರಡುವ ಹಿಂದಿನ ಸಂಜೆ ಯಜಮಾನರು ಲುಂಗಿಯ ಮೇಲೆ ನನ್ನ ಹಸಿರು ಸೀರೆ ಸುತ್ತಿಕೊಂಡು ಕೂತರು. ಆಕಳು ಸೆರಗು ಮೂಸಿತು, ಒಮ್ಮೆ ನೆಕ್ಕಿತು. ಆಮೇಲೆ ಕತ್ತೆತ್ತಿ ಅವರ ಮುಖ ನೋಡಿತು.

"ಲೇ ತಮ್ಮಾ, ಸೆರಗು ಹೊತ್ಗೊ! ಮೀಸಿ ಕಾಣಾಕ ಹತ್ಯಾವ!" ಕಟ್ಟೆಯಿಂದ ಅತ್ತೆ ಕೂಗಿದರು.

"ಸುಮ್ಕಿರು ಅತ್ತಿ."

"ಹಾಡ್ಕೋಂತ ಹಿಂಡು. ಆಕಿ ಹಾಡತಾಳಲ್ಲ?"

ಅವರು ಗಂಟಲು ಸರಿಮಾಡಿಕೊಂಡು ಏನೋ ಗೊಣಗಿದರು. ಚೊಂಬು ಗೋಡೆಗೆ ಹೋಗಿ ಬಡಿಯಿತು. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಯಜಮಾನರು ನಗಲಿಲ್ಲ. ಸೀರೆ ಮಡಚಿ ನನ್ನ ಕೈಗಿಟ್ಟು, "ಮುಂದಿನ ತಿಂಗಳು ಹೋಗೂಣೇನು?" ಎಂದರು.

ಸೆರಗಿಗಂಟಿದ ಹುಲ್ಲಿನ ಎಳೆಗಳನ್ನು ಬಿಡಿಸುತ್ತಾ ಹೇಳಿದೆ: "ಇಲ್ರಿ. ನಾಳೆ ಮುಂಜಾನಿ ಬಸ್ಸಿಗೆ ಹೊಂಟೀನಿ."

ಆಸ್ಪತ್ರೆಯಲ್ಲಿ ತಂಗಿ ಜೊತೆಗಿದ್ದಳು. ಫೋನಿನಲ್ಲಿ ನಾನು ಮೊದಲು ಕೇಳುತ್ತಿದ್ದದ್ದು ಆಕಳ ಬಗ್ಗೆಯೇ. "ಮುಟ್ಟಾಕ ಬಿಡವಲ್ದು. ಕರುನ ಬಿಚ್ಚಿ ಬಿಟ್ಟೀನಿ, ಎಲ್ಲಾ ಅದ ಕುಡೀತೈತಿ," ಎಂದರು ಯಜಮಾನರು. ಮೊದಲು ಕರುವಿಗೆ ಹೊಟ್ಟೆ ಕೆಟ್ಟಿತಂತೆ, ಆಮೇಲೆ ಸರಿಹೋಯಿತಂತೆ. ಫೋನಿಟ್ಟ ಮೇಲೆ ಸುಮ್ಮನೆ ಫ್ಯಾನು ನೋಡುತ್ತಾ ಮಲಗಿದೆ. ಕೆಚ್ಚಲು ಬಾತಿಲ್ಲ, ಕರು ಸತ್ತಿಲ್ಲ. ಇಷ್ಟು ವರ್ಷ ನಾನು ಹಿಂಡದಿದ್ದರೆ ಏನೋ ಆಗಿಬಿಡುತ್ತದೆಂದು ತಿಳಿದಿದ್ದೆ.

ವಾಕರ್ ಹಿಡಿದು ಮನೆಗೆ ಬಂದಾಗ ಕರುವಿನ ಭುಜ ತುಂಬಿಕೊಂಡಿತ್ತು, ಕೂದಲು ಮಿರುಗುತ್ತಿತ್ತು. ಕೊಟ್ಟಿಗೆಯಲ್ಲಿ ಹೊಸ ಸ್ಟೂಲು.

"ಎತ್ತರದ್ದು ಮಾಡ್ಸೀನಿ," ಎಂದರು ಯಜಮಾನರು. "ಕಾಲು ಮಡಚೋದು ಬ್ಯಾಡ. ಆರಾಮಾದ ಮ್ಯಾಲ ಕುಂತು ಹಿಂಡು."

"ನಾ ಇನ್ನ ಹಿಂಡೂದಿಲ್ರಿ. ಎಲ್ಲಾ ಕರು ಕುಡೀಲಿ."

"ಮತ್ತ ಮನಿಗೆ?"

"ಅಂಗಡ್ಯಾಗ ಪಾಕೀಟು ಸಿಗತಾವಲ್ಲ."

"ಒಂಗೋಲು ಆಕಳ ಕಟ್ಗೊಂಡು ಪಾಕೀಟ ಹಾಲು? ಮಂದಿ ನಗತಾರ!"

"ಮೊನ್ನೆ ಸೀರಿ ಉಟ್ಟಾಗ ನಾ ನಕ್ಕಿಲ್ಲೇನು? ಇನ್ನೊಮ್ಮಿ ನಗಲಿ ಬಿಡು," ಎಂದರು ಅತ್ತೆ, ಕಟ್ಟೆಯಿಂದಲೇ.

ಯಜಮಾನರು ಆ ರಾತ್ರಿ ಅರ್ಧ ಊಟಕ್ಕೇ ಎದ್ದರು. ನನಗೆ ಸಮಾಧಾನ ಮಾಡುವಷ್ಟು ಶಕ್ತಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಅಂಗಡಿಗೆ ಹೋಗಿ ಬಂದರು. ಪಾಕೀಟನ್ನು ಯಾರಿಗೂ ಕಾಣದಂತೆ ಟವೆಲ್ಲಿನಲ್ಲಿ ಸುತ್ತಿದ್ದರು. ಚಹಾ ನೀರುನೀರಾಗಿತ್ತು. ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಎಷ್ಟೋ ವರ್ಷಗಳ ಮೇಲೆ, ಆರುವ ಮೊದಲೇ ಅದನ್ನು ಪೂರ್ತಿ ಕುಡಿದೆ.