ಟ್ಯಾಂಕರ್ ರದ್ದು ಎಂದು ಬಂದ ಮೇಲ್

ಆ ಬರಗಾಲದಲ್ಲಿ ನಾನು ಔರಾದ ತಾಲೂಕಿನ ಚಿಂತಾಕಿ ಕಡೆಯ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ದುಡಿಯುವವರು ಹೈದರಾಬಾದು, ಪುಣೆ ಸೇರಿದ್ದರು. ಉಳಿದವರಿಗೆ ಸರ್ಕಾರ ಕಳಿಸುವ ನೀರಿನ ಟ್ಯಾಂಕರೇ ಗತಿ.

ಒಂದು ಬೆಳಿಗ್ಗೆ ತಾಲೂಕು ಕಚೇರಿಯ ಹೆಸರಿನಲ್ಲಿ ಮೇಲ್ ಬಂತು. ಮಧ್ಯಾಹ್ನದೊಳಗೆ ಕೆಳಗಿನ ಲಿಂಕ್ ಒತ್ತಿ ಮೇಲ್‌ನ ಪಾಸ್‌ವರ್ಡ್ ಖಚಿತಪಡಿಸದಿದ್ದರೆ ನಿಮ್ಮ ಊರಿನ ಟ್ಯಾಂಕರ್ ರದ್ದು ಎಂದಿತ್ತು. ಬಾಗಿಲಲ್ಲಿ ಕೊಡ ಇಟ್ಟುಕೊಂಡು ಕೂತಿದ್ದ ಮುದುಕಿ ನನ್ನ ಮುಖ ನೋಡಿ ಕೇಳಿದಳು: "ಯಾಕ್ರಿ ಅಕ್ಕಾರ, ಇವತ್ತ ನೀರ ಬರಂಗಿಲ್ಲೇನ್ರಿ?"

"ಬರ್ತದ ಆಯಿ, ಸುಮ್ನ ಕೂಡ್ರಿ," ಎಂದೆ. ನನ್ನ ಮಾತಿನಲ್ಲಿ ನನಗೇ ನಂಬಿಕೆಯಿರಲಿಲ್ಲ.

ಲಿಂಕ್ ಒತ್ತಿದೆ. ಕಚೇರಿಯ ವೆಬ್‌ಸೈಟಿನಂಥದೇ ಪುಟ ತೆರೆಯಿತು. ಪಾಸ್‌ವರ್ಡ್ ಅರ್ಧ ಹೊಡೆದಾಗ ಬೆರಳು ನಿಂತಿತು. ನೀರಿನ ಮಂಜೂರಾತಿಗೂ ನನ್ನ ಪಾಸ್‌ವರ್ಡಿಗೂ ಏನು ಸಂಬಂಧ? ಕಳಿಸಿದವರ ಹೆಸರು ಕಚೇರಿಯದೇ; ಅದರ ಹಿಂದಿದ್ದ ವಿಳಾಸ ಮಾತ್ರ ಗುರುತಿಲ್ಲದ್ದು. ಪುಟ ಮುಚ್ಚಿದೆ. ಆದರೂ ಸಮಾಧಾನವಿಲ್ಲ. ನಿಜವಾಗಿದ್ದರೆ? ನನ್ನ ಜಾಣತನಕ್ಕೆ ಊರು ಬಾಯಾರಬೇಕೆ?

ಮೇಲ್‌ನಲ್ಲಿದ್ದ ನಂಬರ್ ಬಿಟ್ಟು, ನಮ್ಮ ಗೋಡೆಯ ಮೇಲೆ ಬರೆದಿದ್ದ ಕಚೇರಿಯ ನಂಬರಿಗೆ ಫೋನ್ ಹಚ್ಚಿದೆ. ಎಂಗೇಜ್. ಮತ್ತೆ ಎಂಗೇಜ್. ಬಿಸಿಲು ಏರುತ್ತಿತ್ತು. ತಡೆಯಲಾರದೆ ಔರಾದ ಬಸ್ಸು ಹತ್ತಿದೆ.

ಕಚೇರಿಯ ಗುಮಾಸ್ತರು ನನ್ನ ಫೋನಿನಲ್ಲಿ ಮೇಲ್ ಓದಿ ಹುಬ್ಬು ಗಂಟಿಕ್ಕಿದರು. "ಇದು ನಾವು ಕಳಿಸಿಲ್ರಿ. ನಿಮ್ಮೂರಿಂದು ಟ್ಯಾಂಕರ್ ಆಗಲೇ ಹೊಂಟದ. ಪಾಸ್‌ವರ್ಡ್ ಹಾಕೀರೇನ್ರಿ?"

"ಅರ್ಧ ಹೊಡದಿದ್ದೆರಿ ಸರ್."

"ಹಂಗಾರ ಈಗೇ ಬದಲ್ ಮಾಡ್ರಿ." ಅಲ್ಲೇ ಕೂತು ಬದಲಿಸಿದೆ.

ಊರಿಗೆ ಮರಳಿದಾಗ ನೀರು ಬಂದಿತ್ತು. ನಡೆದದ್ದನ್ನು ಮುದುಕಿಗೆ ಹೇಳಿದೆ. "ನಮ್ಮೂರಾಗ ನೀರಿಲ್ಲಂತ ಆ ಕಳ್ಳರಿಗಿ ಹ್ಯಾಂಗ ಗೊತ್ತಾತ್ರಿ?" ಎಂದಳು. ಆ ಪ್ರಶ್ನೆ ನನ್ನನ್ನು ಮೇಲ್‌ಗಿಂತ ಹೆಚ್ಚು ಹೆದರಿಸಿತು.

ಮರುದಿನ ಭಾಲ್ಕಿ ಕಡೆಯ ಪಂಚಾಯಿತಿಯೊಂದರಲ್ಲಿ ನನ್ನಂಥದೇ ಕೆಲಸದಲ್ಲಿದ್ದ ಗೆಳತಿ ಫೋನ್ ಮಾಡಿ ಅಳತೊಡಗಿದಳು. ಹಿಂದಿನ ವಾರ ಇಂಥದೇ ಮೇಲ್ ನಂಬಿ ಅವಳು ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದಳು. ಟ್ಯಾಂಕರ್ ಬಗ್ಗೆ ನಾವಿಬ್ಬರೂ ಒಬ್ಬರಿಗೊಬ್ಬರು ಮೇಲ್‌ನಲ್ಲಿ ಬರೆದುಕೊಂಡದ್ದೆಲ್ಲ ಕಳ್ಳರ ಕೈಗೆ ಸಿಕ್ಕಿತ್ತು.

"ಯಾರಿಗೂ ಹೇಳಬ್ಯಾಡ, ನೌಕರಿ ಹೋಗ್ತದ," ಎಂದಳು.

"ಹೇಳ್ದಿದ್ರ ಇನ್ನೊಬ್ಬರು ಕಳ್ಳರ ಕೈಗಿ ಸಿಗ್ತಾರ. ನಾನೂ ಬರ್ತೇನಿ, ನಡಿ."

ಇಬ್ಬರೂ ಬೀದರಿಗೆ ಹೋಗಿ ಜಿಲ್ಲಾ ಕಚೇರಿಯಲ್ಲಿ ಎಲ್ಲ ಹೇಳಿದೆವು. ಬೈಗುಳ ತಿಂದೆವು, ಆದರೆ ಅವಳ ನೌಕರಿ ಉಳಿಯಿತು. ಅಂದೇ ಎಲ್ಲ ಪಂಚಾಯಿತಿಗಳಿಗೂ ಎಚ್ಚರಿಕೆಯ ಫೋನ್ ಹೋಯಿತು. ಆ ಬೇಸಿಗೆಯಿಡೀ ನಿಜವಾದ ಮೇಲ್ ತೆರೆಯುವಾಗಲೂ ಮೊದಲು ಕಳಿಸಿದವರ ವಿಳಾಸ ನೋಡುತ್ತಿದ್ದೆ.