ಓಟಗಾರರ ಅನಂತಣ್ಣ

ಅನಂತಣ್ಣ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಶೂಗಳ ಅಡಿಯನ್ನು. ಹೊಸಬರು ಯಾರೇ ಬರಲಿ, ಹೆಸರು ಕೇಳುವ ಮುಂಚೆ ಶೂ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ಸವೆದಿದೆ ಎಂದು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ನನ್ನದನ್ನು ನೋಡಿ, "ಬಲಗಾಲನ್ನು ನಂಬುದಿಲ್ಲ ನೀನು" ಎಂದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಅದು ತೊಂಬತ್ತೆಂಟನೆಯ ಇಸವಿ. ಮಂಡ್ಯ ಕಡೆಯವಳಾದ ನನಗೆ ನಾನೂರು ಮೀಟರ್ ಓಟದ ಕಾರಣಕ್ಕೆ ಚೆನ್ನೈನ ಪ್ಯಾರೀಸ್ ಕಾರ್ನರ್‌ನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಪುರಸೈವಾಕ್ಕಂನ ಹೆಂಗಸರ ಹಾಸ್ಟೆಲ್ಲಿನಲ್ಲಿ ವಾಸ. ತಮಿಳು ಬಾರದು. ದಿನವಿಡೀ ಆಡುವ ಮಾತು ಊಟ, ಬಸ್ಸು, ಫೈಲು ಇಷ್ಟರಲ್ಲೇ ಮುಗಿಯುತ್ತಿತ್ತು. ಓಡುವಾಗ ಮಾತ್ರ ಯಾರೊಂದಿಗೂ ಮಾತು ಬೇಕೆನಿಸುತ್ತಿರಲಿಲ್ಲ. ಆ ವರ್ಷ ಬಲತೊಡೆಯ ಹಿಂದಿನ ಸ್ನಾಯು ಮೂರು ಸಲ ಹಿಡಿದುಕೊಂಡಿತು. ಎರಡು ಸಲ ಕಚೇರಿ ತಂಡದ ಕೋಚ್ ತಣ್ಣನೆಯ ಸ್ಪ್ರೇ ಹೊಡೆದು ಮತ್ತೆ ಓಡಿಸಿದರು. ಮೂರನೆಯ ಸಲ ಟ್ರ್ಯಾಕ್ ಮೇಲೆ ಕುಸಿದೆ. ಜೊತೆಗಾತಿಯೊಬ್ಬಳು ನನ್ನನ್ನು ಆಟೋದಲ್ಲಿ ಕರೆತಂದು, ವಾಚ್ ರಿಪೇರಿ ಅಂಗಡಿಯ ಮೇಲಿನ ಅನಂತಣ್ಣನ ಕೋಣೆಗೆ ಬಿಟ್ಟಳು. ಅವರು ಆಟಗಾರರಿಗೇ ಹೆಸರಾದ ಫಿಸಿಯೋ.

"ಇಲ್ಲಿ ಸಾರ್, ಹಿಂದ್ಗಡೆ" ಎಂದು ತೊಡೆ ತೋರಿಸಿದೆ. ಅವರು ಅದನ್ನು ಮುಟ್ಟಲೇ ಇಲ್ಲ. ನಡೆಯಲು ಹೇಳಿದರು, ಒಂಟಿಕಾಲಲ್ಲಿ ನಿಲ್ಲಲು ಹೇಳಿದರು. ನಿಂತ ಕೂಡಲೇ ಸೊಂಟ ಒಂದು ಬದಿಗೆ ಜಾರಿತು.

"ನೋಡು ಮಾರಾಯ್ತಿ, ನೋಯುದು ತೊಡೆ. ಕೆಲಸ ಕದಿಯುದು ಸೊಂಟ. ಅದರ ಪಾಲಿನದ್ದೆಲ್ಲ ಮಾಡಿ ಮಾಡಿ ಈ ಪಾಪದ ತೊಡೆ ಸೋತು ಹೋಗಿದೆ. ಪೊರುಮೈ ಉಂಟಾ ನಿಂಗೆ?"

ತಾಳ್ಮೆಗೆ ಅವರು ಬಳಸುತ್ತಿದ್ದುದು ಆ ತಮಿಳು ಮಾತನ್ನೇ. ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ಇಲ್ಲಿಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವರು. ಅನಂತಣ್ಣ ಹುಟ್ಟಿ ಬೆಳೆದದ್ದು ಈ ಊರಲ್ಲೇ. ಮದುವೆಯಾಗಿರಲಿಲ್ಲ. "ಅಮ್ಮ ಹೋದ ಮೇಲೆ ಕನ್ನಡ ಮಾತಾಡ್ಲಿಕ್ಕೆ ನೀನೇ ಸಿಕ್ಕಿದ್ದು. ಸಾರ್ ಎಲ್ಲ ಬೇಡ, ಅಣ್ಣ ಅಂತ ಹೇಳು" ಎಂದರು.

ಒಂದು ತಿಂಗಳಾಗುವಷ್ಟರಲ್ಲಿ ನೋವು ಮುಕ್ಕಾಲು ಪಾಲು ಇಳಿದಿತ್ತು. ಅದೇ ವಾರ ತಂಡದ ಆಯ್ಕೆಯ ಓಟ. ಒಂದು ಇಂಜೆಕ್ಷನ್ ತಗೊಂಡು ಓಡು ಎಂದು ಕೋಚ್ ಹೇಳಿದ್ದರು. ಅನಂತಣ್ಣ ತಲೆಯಾಡಿಸಿದರು. "ಓಡಲೇ ಬೇಡ ಅಂತ ನಾನು ಹೇಳುದಿಲ್ಲ. ಈಗ ಬೇಡ."

ನನಗೆ ರೇಗಿಹೋಯಿತು. "ನಿಮಗೇನಣ್ಣ ಗೊತ್ತು? ಈ ಸಲ ಓಡ್ಲಿಲ್ಲ ಅಂದ್ರೆ ಟೀಮಿಂದ್ಲೇ ತೆಗೆದಾಕ್ತಾರೆ!"

ಅವರು ಎಡಗಾಲಿನ ಪ್ಯಾಂಟನ್ನು ಮಂಡಿಯವರೆಗೆ ಮಡಚಿದರು. ಮಂಡಿ ಹಳೆಯ ಗಾಯದಿಂದ ಗಂಟುಗಂಟಾಗಿ, ಓರೆಯಾಗಿತ್ತು.

"ಟ್ರಿಪಲ್ ಜಂಪ್. ಊದಿಕೊಂಡಿತ್ತು. ಎಣ್ಣೆ ಹಾಕಿ ತಿಕ್ಕಿದರು, ಹಾರು ಅಂದರು, ಹಾರಿದೆ. ಇಪ್ಪತ್ತೆರಡು ವರ್ಷ ನಂಗೆ ಆಗ. ಮತ್ತೆ ಹಾರಲಿಲ್ಲ."

ನಾನು ಓಡಲಿಲ್ಲ. ತಂಡದಿಂದ ನನ್ನ ಹೆಸರು ಹೋಯಿತು. ಹಾಸ್ಟೆಲ್ಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲಿನ ಐದು ತಿಂಗಳು ಬೇಸರದ ಕೆಲಸ. ಮಲಗಿ ಸೊಂಟ ಎತ್ತುವುದು, ಮಂಡಿಯೂರಿ ಮೈಯನ್ನು ನಿಧಾನಕ್ಕೆ ಮುಂದಕ್ಕೆ ಇಳಿಸುವುದು, ಇಳಿಸುವಾಗ ತೊಡೆಯ ಹಿಂಭಾಗ ನಡುಗುವುದು. ಅನಂತಣ್ಣ ಎಣಿಸುತ್ತ ಪಕ್ಕದಲ್ಲೇ ಕೂತಿರುತ್ತಿದ್ದರು. ಕೊನೆಗೆ ಕುಂಟುತ್ತ ಟ್ರ್ಯಾಕಿಗೂ ಬಂದರು. ನಾನು ಹೆಜ್ಜೆಯನ್ನು ಮೈಗಿಂತ ತೀರ ಮುಂದೆ ಚಾಚಿ ಇಡುತ್ತಿದ್ದೆ. ಅದನ್ನು ಚಿಕ್ಕದು ಮಾಡಿಸಿದರು. ಮರುವರ್ಷದ ಆಯ್ಕೆಯಲ್ಲಿ ಕೊನೆಯ ನೂರು ಮೀಟರಿನಲ್ಲಿ ಇಬ್ಬರನ್ನು ಹಿಂದೆ ಹಾಕಿದೆ. ಅಷ್ಟು ವೇಗವಾಗಿ ನಾನು ಎಂದೂ ಓಡಿರಲಿಲ್ಲ. ಓಡಿಹೋಗಿ ಸುದ್ದಿ ಹೇಳಿದರೆ, "ಸೆರಿ, ಇನ್ನು ಇಲ್ಲಿ ಬರಬೇಡ" ಎಂದು ನಕ್ಕರು.

ಎರಡು ಭಾನುವಾರ ಹೋಗಲಿಲ್ಲ. ಹಾಸ್ಟೆಲ್ಲಿನಲ್ಲಿ ಉಳಿದವರನ್ನೆಲ್ಲ ನೋಡಲು ಯಾರಾದರೂ ಬರುತ್ತಿದ್ದರು. ಮೂರನೆಯ ಭಾನುವಾರ ತಡೆಯಲಾಗದೆ ಹೋಗಿ, "ಭುಜ ನೋಯ್ತಾ ಅದೆ ಅಣ್ಣ" ಎಂದೆ. ಅವರು ಭುಜವನ್ನು ಎತ್ತಿ ಇಳಿಸಿ, ತಿರುಗಿಸಿ, ಬೆರಳೊತ್ತಿ ನೋಡಿದರು. ಅಲ್ಲಿ ಏನೂ ಇಲ್ಲವೆಂದು ಅವರಿಗೆ ಗೊತ್ತಾಯಿತು, ಅವರಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು.

"ಬಿಸಿ ಕೊಡ್ಬೇಕು ಇದಕ್ಕೆ, ಅರ್ಧ ಗಂಟೆ" ಎಂದರು. ಬಿಸಿನೀರಿನ ಚೀಲವನ್ನು ಭುಜದ ಮೇಲಿಟ್ಟು, ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ತಮ್ಮ ಅಮ್ಮ ಮಾಡುತ್ತಿದ್ದ ಕೆಸುವಿನ ಎಲೆಯ ಪತ್ರೊಡೆಯ ಬಗ್ಗೆ ಹೇಳತೊಡಗಿದರು. ಚೀಲ ತಣ್ಣಗಾಗಿ ಎಷ್ಟೋ ಹೊತ್ತಾದ ಮೇಲೆ ಎದ್ದು, "ಇದು ಬೇಗ ಹೋಗುವ ನೋವಲ್ಲ. ಭಾನುವಾರ ಭಾನುವಾರ ಬಾ" ಎಂದರು.

ಒಂದಷ್ಟು ಕಾಲ ಹೋದೆ. ಆಮೇಲೆ ಶಿಬಿರಗಳು ಬಂದವು, ತಂಡದಲ್ಲಿ ಗೆಳತಿಯರಾದರು, ತಮಿಳು ಬಂತು, ಮಧುರೆಗೆ ವರ್ಗವಾಯಿತು. ಮೊದಮೊದಲು ಫೋನ್ ಮಾಡುತ್ತಿದ್ದೆ. ಬರಬರುತ್ತ ಅದೂ ನಿಂತಿತು.

ಚೆನ್ನೈಗೆ ವಾಪಸಾದದ್ದು ಎರಡು ಸಾವಿರದ ಏಳರಲ್ಲಿ. ಕೋಣೆಗೆ ಬೀಗ ಬಿದ್ದಿತ್ತು. ಕೆಳಗಿನ ವಾಚ್ ಅಂಗಡಿಯ ಮುದುಕರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು, ಹೋದ ವರ್ಷವೇ ತೀರಿಕೊಂಡರು ಎಂದು ತಮಿಳಿನಲ್ಲಿ ಹೇಳಿದರು. ಬೀದಿಯ ನಾಲ್ಕು ಜನ ಸೇರಿ ಎಲ್ಲ ಮಾಡಿದರಂತೆ. "ಎಷ್ಟೊಂದು ಮಕ್ಕಳು ಈ ಮೆಟ್ಟಿಲು ಹತ್ತಿ ಬರ್ತಿದ್ರು. ಕೊನೆಗೆ ಒಬ್ಬರೂ ಬರಲಿಲ್ಲಮ್ಮ" ಎಂದರು.

ನಮಗೆಲ್ಲ ಗುಣವಾಗಿತ್ತು.